ಕ್ಯಾಪ್ಸೂಲ್ ನಿಲ್ಲಿಸುವ ಮೊದಲು ಸ್ಟ್ರಿಪ್‌ನ ಹಿಂಬದಿ ಓದಿ

ಪ್ರಶ್ನೆ: ನಮ್ಮ ಯಜಮಾನರಿಗೆ 58 ವರ್ಷ. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ಎಂಟು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಒಂದು ಸ್ಟೆಂಟ್ ಹಾಕಿದ್ದಾರೆ. ಅಂದಿನಿಂದ ರಾತ್ರಿ ಊಟವಾದ ಮೇಲೆ ಒಂದು ಕೊಲೆಸ್ಟ್ರಾಲ್ ಕ್ಯಾಪ್ಸೂಲ್ ನುಂಗುತ್ತಿದ್ದರು. ಸ್ಟ್ರಿಪ್ ಮೇಲೆ ಅಟೊರ್ವಾಸ್ಟಾಟಿನ್ 20, ಕ್ಲೊಪಿಡೊಗ್ರೆಲ್ 75, ಆಸ್ಪಿರಿನ್ 75 ಎಂದಿದೆ. ಮೊದಲು ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 148 ಇತ್ತು, ಈಗ 84. ಲ್ಯಾಬ್ ರಿಪೋರ್ಟಿನಲ್ಲಿ ನಾರ್ಮಲ್ ಅಂತ ಬಂದಿದೆ. ಮೂರು ವಾರದಿಂದ ತೊಡೆ, ಮೀನಖಂಡ ನೋವು. ಅದಕ್ಕೆ ಸ್ವಲ್ಪ ಮೊದಲು ಕೆಮ್ಮಿಗೆಂದು ಒಂದು ವಾರ ಆಂಟಿಬಯೋಟಿಕ್ ತೆಗೆದುಕೊಂಡಿದ್ದರು. ಈ ಮಾತ್ರೆಯಿಂದ ಲಿವರ್, ಕಿಡ್ನಿ, ಮಾಂಸಖಂಡ ಎಲ್ಲ ಹಾಳಾಗುತ್ತದೆ ಎಂಬ ವಿಡಿಯೊ ನೋಡಿ ನಾಲ್ಕು ದಿನದಿಂದ ನಿಲ್ಲಿಸಿಬಿಟ್ಟಿದ್ದಾರೆ. ಬದಲಿಗೆ ಬೆಳ್ಳುಳ್ಳಿ ತಿನ್ನುತ್ತಿದ್ದಾರೆ. ನಿಲ್ಲಿಸಿದ್ದು ಸರಿಯೇ? ಮುಂದೆ ತೆಗೆದುಕೊಳ್ಳುವುದಾದರೆ ಹೇಗೆ? ನಮ್ಮ ಹಿತ್ತಲಿನಲ್ಲಿ ಚಕ್ಕೋತದ ಮರವಿದೆ, ಅದನ್ನು ತಿನ್ನಬಾರದು ಎನ್ನುವುದು ನಿಜವೇ?

ಉತ್ತರ: ಉಳಿದೆಲ್ಲ ಆಮೇಲೆ ಓದಿದರೂ ನಡೆಯುತ್ತದೆ, ಈ ಒಂದನ್ನು ಮಾತ್ರ ಈಗಲೇ ಮಾಡಿ. ಸ್ಟೆಂಟ್ ಹಾಕಿದ ಹೃದ್ರೋಗ ವೈದ್ಯರಿಗೆ ಅಥವಾ ಆ ಆಸ್ಪತ್ರೆಗೆ ಇಂದೇ ಫೋನ್ ಮಾಡಿ, "ನಾಲ್ಕು ದಿನದಿಂದ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ನಿಂತಿದೆ" ಎಂದು ಇದೇ ಮಾತಿನಲ್ಲಿ ಹೇಳಿ. "ಕೊಲೆಸ್ಟ್ರಾಲ್ ಮಾತ್ರೆ ನಿಂತಿದೆ" ಎಂದರೆ ಫೋನ್ ಎತ್ತಿದವರು ಸೋಮವಾರ ಬನ್ನಿ ಎಂದುಬಿಡಬಹುದು.

ನೀವು ಕೊಲೆಸ್ಟ್ರಾಲ್ ಕ್ಯಾಪ್ಸೂಲ್ ಎಂದು ಕರೆಯುತ್ತಿರುವುದರಲ್ಲಿ ಮೂರು ಔಷಧಿಗಳಿವೆ. ಅಟೊರ್ವಾಸ್ಟಾಟಿನ್ ಒಂದೇ ಕೊಲೆಸ್ಟ್ರಾಲ್‌ಗೆ ಸೇರಿದ್ದು, ಈ ಜಾತಿಯ ಔಷಧಿಗಳನ್ನು ಸ್ಟಾಟಿನ್ ಎನ್ನುತ್ತಾರೆ. ಉಳಿದೆರಡು, ಜನ ‘ರಕ್ತ ತೆಳು ಮಾಡುವ ಮಾತ್ರೆ’ ಎನ್ನುವಂಥವು. ಸ್ಟೆಂಟ್ ಎಂದರೆ ರಕ್ತನಾಳದೊಳಗೆ ಕೂರಿಸಿದ ಲೋಹದ ಬಲೆ. ಆ ಲೋಹದ ಮೇಲೆ ರಕ್ತದ ಪ್ಲೇಟ್‌ಲೆಟ್‌ಗಳು ಅಂಟಿಕೊಂಡು ಹೆಪ್ಪುಗಟ್ಟದಂತೆ ಇವೆರಡೂ ತಡೆಯುತ್ತವೆ. ಹೃದಯಾಘಾತದ ನಂತರ ಸ್ಟೆಂಟ್ ಹಾಕಿದವರಿಗೆ ಸಾಮಾನ್ಯವಾಗಿ 12 ತಿಂಗಳು ಎರಡೂ ಬೇಕು, ಆಮೇಲೂ ಒಂದನ್ನು ಮುಂದುವರಿಸುತ್ತಾರೆ. ನಿಮ್ಮವರಿಗೆ ಆಗಿರುವುದು ಎಂಟೇ ತಿಂಗಳು. ಕ್ಲೊಪಿಡೊಗ್ರೆಲ್ ನಿಲ್ಲಿಸಿದ ಐದಾರು ದಿನದಲ್ಲಿ ಅದರ ರಕ್ಷಣೆ ಹೆಚ್ಚುಕಡಿಮೆ ಮುಗಿದುಹೋಗುತ್ತದೆ. ಮತ್ತೆ ಶುರು ಮಾಡಿದರೂ ದಿನಕ್ಕೆ 75 ಮಿಲಿಗ್ರಾಂನಂತೆ ಪೂರ್ತಿ ಕೆಲಸಕ್ಕೆ ಬರಲು ಮೂರರಿಂದ ಏಳು ದಿನ ಹಿಡಿಯುತ್ತದೆ. ಮೊದಲ ದಿನ ಹೆಚ್ಚು ಡೋಸ್ ಬೇಕೋ ಬೇಡವೋ ಎನ್ನುವುದನ್ನು ವೈದ್ಯರೇ ಹೇಳಬೇಕು, ಅದಕ್ಕೇ ಫೋನ್ ಮಾಡಿ ಎಂದದ್ದು. ತಪ್ಪಿದ ನಾಲ್ಕು ದಿನದ್ದನ್ನು ಒಟ್ಟಿಗೆ ನುಂಗಿಸಲು ಹೋಗಬೇಡಿ.

ವೈದ್ಯರು ತಕ್ಷಣ ಸಿಗದಿದ್ದರೆ ಇಂದು ರಾತ್ರಿ ಊಟದ ನಂತರ ಎಂದಿನ ಒಂದು ಕ್ಯಾಪ್ಸೂಲ್ ಕೊಟ್ಟು, ಬೆಳಿಗ್ಗೆ ಮತ್ತೆ ಪ್ರಯತ್ನಿಸಿ. ಆದರೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ, ಕಣ್ಣು ಹಳದಿಯಾಗಿದ್ದರೆ, ಮಲ ಡಾಂಬರಿನಂತೆ ಕಪ್ಪಾಗಿದ್ದರೆ, ರಕ್ತ ವಾಂತಿಯಾಗಿದ್ದರೆ ಅಥವಾ ಕಾಲಿನಲ್ಲಿ ಎದ್ದು ನಿಲ್ಲುವ ಶಕ್ತಿಯೇ ಇಲ್ಲದಿದ್ದರೆ ಮನೆಯಲ್ಲಿ ಮಾತ್ರೆ ಕೊಡುತ್ತ ಕೂರದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಎದೆ ಹಿಂಡಿದಂತಾಗುವುದು, ತಣ್ಣನೆ ಬೆವರು, ದವಡೆಗೋ ಎಡಗೈಗೋ ಎಳೆಯುವ ನೋವು ಬಂದರೆ ಆ ಕ್ಷಣವೇ 108ಕ್ಕೆ ಕರೆ ಮಾಡಿ.

ಒಂದೇ ಕ್ಯಾಪ್ಸೂಲಿನಲ್ಲಿ ಮೂರು ಸೇರಿಸುವುದರಿಂದ ಅನುಕೂಲವಿದೆ, ಮರೆಯುವುದು ಕಡಿಮೆಯಾಗುತ್ತದೆ. ಆದರೆ ಒಂದನ್ನು ಬಿಡಬೇಕಾಗಿ ಬಂದಾಗ ಮೂರೂ ಹೋಗುತ್ತವೆ. ಅದಕ್ಕೆ ದಾರಿ ಬಹಳ ಸುಲಭ. ಆಸ್ಪಿರಿನ್ 75, ಕ್ಲೊಪಿಡೊಗ್ರೆಲ್ 75 ಎರಡೂ ಬೇರೆ ಬೇರೆ ಮಾತ್ರೆಗಳಾಗಿ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುತ್ತವೆ. ಸ್ಟಾಟಿನ್ ಮೇಲೆ ಅನುಮಾನವಿದ್ದರೆ ವೈದ್ಯರು ಅದೊಂದನ್ನೇ ತೆಗೆದು ಈ ಎರಡನ್ನು ಬಿಡಿಯಾಗಿ ಬರೆದುಕೊಡುತ್ತಾರೆ. ನೀವು ಹೋದಾಗ ಕೇಳಬೇಕಾದದ್ದು ಇದನ್ನೇ.

ಇನ್ನು ರಿಪೋರ್ಟಿನ ವಿಷಯ. 84 ಎನ್ನುವ ಅಂಕಿಯ ಪಕ್ಕದಲ್ಲಿ ಲ್ಯಾಬಿನವರು 100ಕ್ಕಿಂತ ಕಡಿಮೆ ಎಂದು ಅಚ್ಚು ಹಾಕಿರುತ್ತಾರೆ. ಅದು ಹೃದಯದ ತೊಂದರೆ ಇಲ್ಲದ ಸಾಮಾನ್ಯ ಜನರಿಗೆ ಇಟ್ಟ ಅಳತೆ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಹೃದಯಾಘಾತವಾದವರು ‘ಅತಿ ಹೆಚ್ಚು ಅಪಾಯ’ದ ಗುಂಪಿಗೆ ಸೇರುತ್ತಾರೆ. ಅವರ ಎಲ್‌ಡಿಎಲ್ 55ಕ್ಕಿಂತ ಕೆಳಗಿರಬೇಕು, ‘ಒಳ್ಳೆಯ ಕೊಲೆಸ್ಟ್ರಾಲ್’ ಎನ್ನುವ ಎಚ್‌ಡಿಎಲ್ ಬಿಟ್ಟ ಉಳಿದ ಕೊಲೆಸ್ಟ್ರಾಲ್ 85ಕ್ಕಿಂತ ಕೆಳಗಿರಬೇಕು. ಈ ಎರಡನೆಯದನ್ನು ನೀವೇ ಲೆಕ್ಕ ಹಾಕಬಹುದು: ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆಯಿರಿ. ಅಂದರೆ ನಿಮ್ಮ ಯಜಮಾನರ 84 ನಾರ್ಮಲ್ ಅಲ್ಲ, ಗುರಿ ಇನ್ನೂ ದೂರವಿದೆ. ಮಾತ್ರೆ ನಿಲ್ಲಿಸುವ ಮಾತಿರಲಿ, ಹೆಚ್ಚಿಸುವ ಮಾತು ಬರಬೇಕಿತ್ತು.

148ರಿಂದ 84ಕ್ಕೆ ಇಳಿದದ್ದು ಮಾತ್ರೆಯಿಂದಲೇ. ಶೇ. 43ರಷ್ಟು ಇಳಿಕೆ ಅದು. ಅಟೊರ್ವಾಸ್ಟಾಟಿನ್ 20 ಮಿಲಿಗ್ರಾಂನಿಂದ ನಿರೀಕ್ಷಿಸುವುದೂ ಸುಮಾರು ಅಷ್ಟನ್ನೇ. ಯಕೃತ್ತು ಅಂದರೆ ಲಿವರ್ ತಾನೇ ಕೊಲೆಸ್ಟ್ರಾಲ್ ತಯಾರಿಸುತ್ತದೆ. ಸ್ಟಾಟಿನ್ ಆ ತಯಾರಿಕೆಯ ಒಂದು ಹಂತಕ್ಕೆ ಅಡ್ಡ ನಿಲ್ಲುತ್ತದೆ. ಒಳಗೆ ಕೊರತೆಯಾದಾಗ ಲಿವರ್ ತನ್ನ ಮೈಮೇಲೆ ಎಲ್‌ಡಿಎಲ್ ಹಿಡಿಯುವ ಕೊಂಡಿಗಳನ್ನು ಹೆಚ್ಚಿಸಿಕೊಂಡು ರಕ್ತದಲ್ಲಿರುವುದನ್ನು ಎಳೆದುಕೊಳ್ಳುತ್ತದೆ. ಈ ಕೊಂಡಿಗಳನ್ನು ಪತ್ತೆ ಹಚ್ಚಿದ್ದಕ್ಕೇ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರ ನೊಬೆಲ್ ಬಂದದ್ದು. ಮಾತ್ರೆ ನಿಂತರೆ ಅಡ್ಡ ಹೋಯಿತು, ಕೊಂಡಿ ಕಡಿಮೆಯಾಯಿತು, ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಮತ್ತೆ 148ರ ಹತ್ತಿರ. ಬಿಪಿ ಮಾತ್ರೆಯ ಹಾಗೆಯೇ ಇದು: ತೆಗೆದುಕೊಳ್ಳುವಷ್ಟು ದಿನ ಕೆಲಸ.

ಡೋಸ್ ದುಪ್ಪಟ್ಟು ಮಾಡಿದರೆ ಇಳಿಕೆಯೂ ದುಪ್ಪಟ್ಟಾಗುತ್ತದೆ ಎಂದುಕೊಳ್ಳಬೇಡಿ. ಪ್ರತಿ ದುಪ್ಪಟ್ಟಿಗೆ ಮೊದಲ ಅಂಕಿಯ, ಅಂದರೆ ಮಾತ್ರೆ ಶುರುವಾಗುವ ಮುಂಚಿನ 148ರ, ಶೇ. 6ರಷ್ಟು ಮಾತ್ರ ಹೆಚ್ಚಿಗೆ ಇಳಿಯುತ್ತದೆ. 20ನ್ನು 40 ಮಾಡಿದರೆ 84 ಇದ್ದದ್ದು 75ರ ಆಸುಪಾಸಿಗೆ ಬರಬಹುದು. ಅದೇ ಎಜೆಟಿಮೈಬ್ 10 ಮಿಲಿಗ್ರಾಂ ಜೊತೆಗೆ ಸೇರಿಸಿದರೆ ಇರುವುದರಲ್ಲಿ ಸುಮಾರು ಐದನೇ ಒಂದು ಪಾಲು ಇಳಿಯುತ್ತದೆ. ಅದು ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರಿಕೆಯನ್ನು ತಡೆಯುವ ಮಾತ್ರೆ, ಸ್ಟಾಟಿನ್ ಅಲ್ಲ. ಹೃದಯಾಘಾತವಾದವರಿಗೆ ಅಟೊರ್ವಾಸ್ಟಾಟಿನ್ 40ರಿಂದ 80 ಅಥವಾ ರೋಸುವಾಸ್ಟಾಟಿನ್ 20ರಿಂದ 40 ಕೊಡುವುದು ರೂಢಿ. ಅದು ಮೈಗೆ ಒಗ್ಗದವರಿಗೆ ಕಡಿಮೆ ಡೋಸ್ ಜೊತೆ ಎಜೆಟಿಮೈಬ್ ಒಳ್ಳೆಯ ದಾರಿ. ಈ ಇಳಿಸುವ ಕಷ್ಟವೆಲ್ಲ ಏಕೆಂದರೆ, ಎಲ್‌ಡಿಎಲ್ ಸುಮಾರು 39 ಮಿಲಿಗ್ರಾಂ ಇಳಿದಾಗಲೆಲ್ಲ ಹೃದಯಾಘಾತ, ಪಾರ್ಶ್ವವಾಯುಗಳಂಥ ದೊಡ್ಡ ಆಘಾತಗಳು ಐದರಲ್ಲಿ ಒಂದರಷ್ಟು ಕಡಿಮೆಯಾಗುತ್ತವೆ ಎಂಬುದು ಲಕ್ಷಕ್ಕೂ ಹೆಚ್ಚು ಜನರ ಮೇಲಿನ ಪ್ರಯೋಗಗಳಿಂದ ತಿಳಿದಿದೆ.

ಈಗ ನೋವಿಗೆ ಬರೋಣ. ನಿಮ್ಮ ಯಜಮಾನರ ನೋವು ಸುಳ್ಳಲ್ಲ. ಅದು ಯಾವುದರಿಂದ ಎನ್ನುವುದನ್ನು ಮಾತ್ರ ಬಿಡಿಸಿ ನೋಡಬೇಕು. ಅವರ ವಯಸ್ಸಿಗೆ, ಅವರ ಸಕ್ಕರೆ ಕಾಯಿಲೆಗೆ, ಕಾಲು ನೋಯಲು ಕನಿಷ್ಠ ನಾಲ್ಕೈದು ಕಾರಣಗಳಿವೆ.

ಸ್ಟಾಟಿನ್‌ನಿಂದ ಬರುವ ನೋವಿಗೆ ಒಂದು ನಡೆ ಇದೆ. ಎರಡೂ ಕಡೆ ಒಂದೇ ಸಮ ಇರುತ್ತದೆ. ದೊಡ್ಡ ಸ್ನಾಯುಗಳನ್ನು, ಅಂದರೆ ತೊಡೆ, ಪಿರ್ರೆ, ಭುಜ, ಕೆಲವರಲ್ಲಿ ಮೀನಖಂಡವನ್ನು ಹಿಡಿಯುತ್ತದೆ. ಹೆಚ್ಚಾಗಿ ಮಾತ್ರೆ ಶುರುವಾದ ಅಥವಾ ಡೋಸ್ ಏರಿಸಿದ ನಾಲ್ಕರಿಂದ ಹನ್ನೆರಡು ವಾರದೊಳಗೆ ಕಾಣಿಸಿಕೊಳ್ಳುತ್ತದೆ. ನಿಲ್ಲಿಸಿದ ಎರಡರಿಂದ ನಾಲ್ಕು ವಾರದಲ್ಲಿ ಹೋಗುತ್ತದೆ. ಏಳು ತಿಂಗಳು ಸುಮ್ಮನಿದ್ದು ಈಗ ಬಂದಿದೆ ಎಂದರೆ ಮಧ್ಯೆ ಏನೋ ಬದಲಾಗಿರಬೇಕು. ಆ ಆಂಟಿಬಯೋಟಿಕ್ ಮೇಲೆ ನಮ್ಮ ಕಣ್ಣು ಹೋಗುವುದು ಇದಕ್ಕೇ. ಅದನ್ನು ಮುಂದೆ ಹೇಳುತ್ತೇವೆ.

ನೋವಿಗಿಂತ ಮುಖ್ಯವಾದದ್ದು ಬಲ. ಅವರನ್ನು ಕೈ ಇಲ್ಲದ ಕುರ್ಚಿಯ ಮೇಲೆ ಕೂರಿಸಿ, ಕೈಗಳನ್ನು ಎದೆಗೆ ಅಡ್ಡ ಕಟ್ಟಿಕೊಂಡು ಎದ್ದು ನಿಲ್ಲಲು ಹೇಳಿ. ಐದು ಸಲ ಮಾಡಿಸಿ. ನೋವೆಂದು ಮುಖ ಕಿವಿಚಿದರೂ ಎದ್ದರೆ ಸರಿ. ಮೊದಲು ಸಲೀಸಾಗಿ ಏಳುತ್ತಿದ್ದವರು ಈಗ ಮೊಣಕಾಲಿಗೆ ಕೈ ಊರದೆ ಏಳಲಾರದಿದ್ದರೆ, ನೆಲದ ಮೇಲೆ ಊಟಕ್ಕೆ ಕೂತವರನ್ನು ಎತ್ತಬೇಕಾಗಿ ಬಂದರೆ, ಬಸ್ಸಿನ ಮೆಟ್ಟಿಲು ಹತ್ತಲಾಗದಿದ್ದರೆ, ಮೇಲಿನ ಗೂಡಿನಿಂದ ಪಾತ್ರೆ ಇಳಿಸುವಾಗ ಕೈ ಸೋತರೆ, ಅದು ಸ್ನಾಯು ಕ್ಷೀಣಿಸುತ್ತಿರುವುದರ ಸೂಚನೆ. ಅದೇ ದಿನ ಸಿಕೆ ಪರೀಕ್ಷೆ, ಅಂದರೆ ಸ್ನಾಯು ಘಾಸಿಯಾದಾಗ ರಕ್ತಕ್ಕೆ ಸೋರುವ ಕಿಣ್ವದ ಅಳತೆ, ಆಗಬೇಕು.

ನಡೆಯುವಾಗ ಮಾತ್ರ ಮೀನಖಂಡ ಹಿಡಿದುಕೊಂಡು, ನಿಂತ ಎರಡು-ಮೂರು ನಿಮಿಷಕ್ಕೆ ಬಿಟ್ಟು, ಮತ್ತೆ ಅಷ್ಟೇ ದೂರ ನಡೆದರೆ ಹಿಡಿದುಕೊಳ್ಳುವುದಾದರೆ ಅದು ಮಾತ್ರೆಯ ನೋವಲ್ಲ. ಕಾಲಿನ ರಕ್ತನಾಳ ಕಟ್ಟಿಕೊಂಡಿರುವ ಲಕ್ಷಣ. ಹೃದಯದ ನಾಳದಲ್ಲಿ ಆದದ್ದೇ ಕಾಲಿನಲ್ಲೂ ಆಗುತ್ತಿದೆ ಎಂದರ್ಥ, ಆಗ ಸ್ಟಾಟಿನ್ ಬಿಡುವುದು ಬೆಂಕಿಗೆ ಎಣ್ಣೆ ಸುರಿದಂತೆ. ಕಣಕಾಲಿನ ಬಿಪಿಯನ್ನೂ ತೋಳಿನ ಬಿಪಿಯನ್ನೂ ಅಳೆದು ಹೋಲಿಸುವ ಸರಳ ಪರೀಕ್ಷೆ ಇದೆ. ಕಾಲಿನದ್ದನ್ನು ತೋಳಿನದ್ದರಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ರಕ್ತದ ಹರಿವು ಕಡಿಮೆ ಇದೆ. ಸಕ್ಕರೆ ಕಾಯಿಲೆಯವರಲ್ಲಿ ನಾಳ ಗಡುಸಾಗಿ ಈ ಅಂಕಿ ಸುಳ್ಳಾಗಿ ಹೆಚ್ಚು ತೋರಿಸುವುದೂ ಉಂಟು, ಅಂಥವರಿಗೆ ಡಾಪ್ಲರ್ ಸ್ಕ್ಯಾನ್ ಬೇಕಾಗುತ್ತದೆ.

ರಾತ್ರಿ ಮಲಗಿದಾಗ ಪಾದ ಉರಿಯುವುದು, ಜೋಮು, ಚಪ್ಪಲಿ ಜಾರಿದ್ದೂ ಗೊತ್ತಾಗದಿರುವುದು ಸಕ್ಕರೆಯಿಂದಾದ ನರದ ತೊಂದರೆ. ಒಂಬತ್ತು ವರ್ಷ ಮೆಟ್‌ಫಾರ್ಮಿನ್ ತಿಂದವರಲ್ಲಿ ಬಿ12 ಕಡಿಮೆಯಾಗಿರುವ ಸಾಧ್ಯತೆಯೂ ಇದೆ, ಅದೂ ನರಕ್ಕೆ ಪೆಟ್ಟು ಕೊಡುತ್ತದೆ. ಒಂದೇ ಕಾಲಿನಲ್ಲಿ ಸೊಂಟದಿಂದ ಕೆಳಗೆ ಎಳೆಯುವುದು ಬೆನ್ನಿನ ನರದ್ದು. ವಿಟಮಿನ್ ಡಿ ಕೊರತೆಯಲ್ಲೂ ತೊಡೆ ನೋಯುತ್ತದೆ. ಥೈರಾಯ್ಡ್ ಕೊರತೆಯನ್ನಂತೂ ಮರೆಯಲೇಬಾರದು. ಅದು ಎಲ್‌ಡಿಎಲ್ ಅನ್ನೂ ಏರಿಸುತ್ತದೆ, ಸ್ಟಾಟಿನ್ ಅನ್ನು ತಾಳಿಕೊಳ್ಳುವ ಶಕ್ತಿಯನ್ನೂ ಸ್ನಾಯುಗಳಿಂದ ಕಸಿಯುತ್ತದೆ.

ಆದ್ದರಿಂದ ಕೇಳಬೇಕಾದ ರಕ್ತ ಪರೀಕ್ಷೆಗಳು ಇವು: ಸಿಕೆ, ಕ್ರಿಯಾಟಿನಿನ್ (ಕಿಡ್ನಿಗೆ), ಎಸ್‌ಜಿಪಿಟಿ (ಲಿವರ್‌ಗೆ), ಟಿಎಸ್‌ಎಚ್ (ಥೈರಾಯ್ಡ್‌ಗೆ), ಬಿ12, ವಿಟಮಿನ್ ಡಿ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ). ಸಿಕೆಗೆ ರಕ್ತ ಕೊಡುವ ಎರಡು-ಮೂರು ದಿನ ಮೊದಲಿನಿಂದ ಭಾರ ಹೊರುವುದು, ತೋಟದಲ್ಲಿ ಅಗೆಯುವುದು, ಬೆಟ್ಟ ಹತ್ತುವುದು ಬೇಡ. ಸ್ನಾಯುವಿಗೆ ಇಂಜೆಕ್ಷನ್ ಕೊಡಿಸಿಕೊಂಡಿದ್ದರೂ ಹೇಳಿ. ಇವುಗಳಿಂದಲೇ ಸಿಕೆ ಏರುತ್ತದೆ. ಲ್ಯಾಬಿನ ಮೇಲ್ಮಿತಿಯ ನಾಲ್ಕು ಪಟ್ಟಿನೊಳಗಿದ್ದು ನೋವು ಸಹಿಸುವಂತಿದ್ದರೆ ಮಾತ್ರೆ ಮುಂದುವರಿಸಿ ನೋಡುವುದುಂಟು. ಹತ್ತು ಪಟ್ಟು ದಾಟಿದರೆ ಸ್ಟಾಟಿನ್ ತಕ್ಷಣ ನಿಲ್ಲಬೇಕು, ಕಿಡ್ನಿ ನೋಡಬೇಕು. ಒಡೆದ ಸ್ನಾಯುವಿನ ಬಣ್ಣದ ಪ್ರೋಟೀನು ಮೂತ್ರಕ್ಕೆ ಇಳಿಯುವುದರಿಂದಲೇ ಅದು ಕಂದು ಬಣ್ಣಕ್ಕೆ ತಿರುಗುವುದು, ಅದೇ ಪ್ರೋಟೀನು ಕಿಡ್ನಿಯನ್ನೂ ಕಟ್ಟಿಹಾಕುತ್ತದೆ. ಇದು ಬಹಳ ಅಪರೂಪ, ಬಂದಾಗ ಬಹಳ ಗಂಭೀರ.

ವಿಡಿಯೊಗಳು ಹೇಳದ ಒಂದು ಪ್ರಯೋಗದ ಬಗ್ಗೆ ಇಲ್ಲಿ ಹೇಳಲೇಬೇಕು. ಸ್ಟಾಟಿನ್ ಮೈಗೆ ಒಗ್ಗುವುದಿಲ್ಲ ಎಂದು ಬಿಟ್ಟಿದ್ದ 60 ಜನರಿಗೆ ಬ್ರಿಟನ್ನಿನಲ್ಲಿ ಹನ್ನೆರಡು ಡಬ್ಬಿ ಕೊಟ್ಟರು. ನಾಲ್ಕರಲ್ಲಿ ನಿಜವಾದ ಮಾತ್ರೆ, ನಾಲ್ಕರಲ್ಲಿ ನೋಡಲು ಹಾಗೇ ಇರುವ ಔಷಧಿಯಿಲ್ಲದ ಮಾತ್ರೆ, ನಾಲ್ಕು ಖಾಲಿ. ತಿಂಗಳಿಗೊಂದು ಡಬ್ಬಿ. ದಿನವೂ ತೊಂದರೆ ಎಷ್ಟೆಂದು ಫೋನಿನಲ್ಲಿ ಅಂಕ ಹಾಕಬೇಕು. ಖಾಲಿ ಡಬ್ಬಿಯ ತಿಂಗಳಲ್ಲಿ ತೊಂದರೆ ಕಡಿಮೆ ಇತ್ತು. ಆದರೆ ಸ್ಟಾಟಿನ್ ತಿಂದ ತಿಂಗಳ ತೊಂದರೆಯ ಶೇ. 90ರಷ್ಟು ಔಷಧಿಯಿಲ್ಲದ ಮಾತ್ರೆ ತಿಂದಾಗಲೂ ಬಂದಿತ್ತು. ಸ್ಯಾಮ್ಸನ್ ಎಂದು ಹೆಸರಾದ ಈ ಪ್ರಯೋಗದ ಫಲ 2020ರಲ್ಲಿ ಪ್ರಕಟವಾಯಿತು. ತಮ್ಮದೇ ಅಂಕಗಳನ್ನು ನೋಡಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಮಾತ್ರೆ ಶುರು ಮಾಡಿದರು. ನೋವು ಕಲ್ಪನೆ ಎಂದು ಇದರ ಅರ್ಥವಲ್ಲ. ಮಾತ್ರೆಯಿಂದ ಕೆಡುಕಾಗುತ್ತದೆ ಎಂಬ ಭಯವೂ ಮೈಯಲ್ಲಿ ನಿಜವಾದ ನೋವು ಹುಟ್ಟಿಸಬಲ್ಲದು.

ಪರೀಕ್ಷೆಗಳ ನಂತರವೂ ಸ್ಟಾಟಿನ್ ಮೇಲೆಯೇ ಅನುಮಾನ ಉಳಿದರೆ ವೈದ್ಯರು ಎರಡರಿಂದ ನಾಲ್ಕು ವಾರ ಅದೊಂದನ್ನೇ ನಿಲ್ಲಿಸುತ್ತಾರೆ. ನೋವು ಹೋಗದಿದ್ದರೆ ಮಾತ್ರೆ ತಪ್ಪಿತಸ್ಥನಲ್ಲ. ಹೋದರೆ ಕಡಿಮೆ ಡೋಸಿನಲ್ಲಿ ಅಥವಾ ಬೇರೆ ಸ್ಟಾಟಿನ್‌ನಲ್ಲಿ ಮತ್ತೆ ಶುರು ಮಾಡುತ್ತಾರೆ. ರೋಸುವಾಸ್ಟಾಟಿನ್ ಆದರೆ 5 ಮಿಲಿಗ್ರಾಂನಿಂದ. ಭಾರತೀಯ ಮೂಲದವರೂ ಸೇರಿ ಏಷ್ಯಾದವರ ರಕ್ತದಲ್ಲಿ ಈ ಔಷಧಿಯ ಮಟ್ಟ ಬಿಳಿಯರಿಗಿಂತ ಸುಮಾರು ದುಪ್ಪಟ್ಟು ಏರುತ್ತದೆ, ಹಾಗಾಗಿ ನಮ್ಮವರಿಗೆ ಕಡಿಮೆಯಿಂದ ಶುರು ಮಾಡುವುದೇ ಕ್ಷೇಮ. ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋದಾಗ ಅಲ್ಲಿನ ವೈದ್ಯರಿಗೂ ಇದನ್ನು ನೆನಪಿಸಬಹುದು, ಅಲ್ಲಿನ ಔಷಧಿಯ ಜೊತೆ ಬರುವ ಮಾಹಿತಿ ಚೀಟಿಯಲ್ಲೇ ಅಚ್ಚಾಗಿರುವ ಮಾತಿದು. ದಿನವೂ ಆಗದವರಿಗೆ ದಿನ ಬಿಟ್ಟು ದಿನ, ವಾರಕ್ಕೆರಡು ಸಲ ಕೊಡುವುದೂ ಇದೆ. ಯಾವುದೂ ಆಗದವರಿಗೆ ಎಜೆಟಿಮೈಬ್, ಬೆಂಪೆಡೊಯಿಕ್ ಆಸಿಡ್ ಇವೆ. ಎರಡನೆಯದು ಯೂರಿಕ್ ಆಸಿಡ್ ಏರಿಸುವುದರಿಂದ ಗೌಟ್ (ಯೂರಿಕ್ ಆಸಿಡ್‌ನಿಂದ ಬರುವ ಕೀಲು ನೋವು) ಇದ್ದವರು ಮೊದಲೇ ಹೇಳಬೇಕು. ಚರ್ಮದಡಿ ಕೊಡುವ ಇಂಕ್ಲಿಸಿರಾನ್ ಇಂಜೆಕ್ಷನ್ ಮೊದಲ ದಿನ, ಮೂರು ತಿಂಗಳಿಗೆ, ಆಮೇಲೆ ಆರು ತಿಂಗಳಿಗೊಮ್ಮೆ. ಬೆಲೆ ದುಬಾರಿ.

ನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್ ತಂದು ಕೊಡಬೇಡಿ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಜೊತೆ ಇವು ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು, ಹೃದಯಾಘಾತವಾದವರಿಗೆ ಇವು ಹೃದಯಕ್ಕೂ ಕೆಟ್ಟವು. ಪ್ಯಾರಾಸಿಟಮಾಲ್ 500 ಅಥವಾ 650 ಸಾಕು. ಗ್ಯಾಸ್ ಮಾತ್ರೆಯಲ್ಲೂ ನೋಡಿ ಆರಿಸಬೇಕು: ಒಮೆಪ್ರಜೋಲ್, ಎಸೊಮೆಪ್ರಜೋಲ್ ಎರಡೂ ಕ್ಲೊಪಿಡೊಗ್ರೆಲ್‌ನ ಶಕ್ತಿ ಕುಂದಿಸುತ್ತವೆ. ಪ್ಯಾಂಟೊಪ್ರಜೋಲ್ ವಾಸಿ.

ಆಂಟಿಬಯೋಟಿಕ್ ಯಾವುದೆಂದು ನೀವು ಬರೆದಿಲ್ಲ. ಹಳೆಯ ಚೀಟಿ ಹುಡುಕಿ. ಕ್ಲಾರಿಥ್ರೊಮೈಸಿನ್ ಆಗಿದ್ದರೆ ಬಹುಶಃ ಕಾರಣ ಸಿಕ್ಕಿತು. ಅಟೊರ್ವಾಸ್ಟಾಟಿನ್ ಅನ್ನು ಕರಗಿಸಿ ಹೊರಹಾಕುವ ಲಿವರಿನ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ, ರಕ್ತದಲ್ಲಿ ಅಟೊರ್ವಾಸ್ಟಾಟಿನ್ ನಾಲ್ಕು ಪಟ್ಟಿಗೂ ಮೇಲೆ ಏರಬಹುದು. ನುಂಗಿದ್ದು 20, ಮೈಗೆ ತಗುಲಿದ್ದು 80ರ ಲೆಕ್ಕ. ಎರಿಥ್ರೊಮೈಸಿನ್ ಕೂಡ ಅದೇ ಜಾತಿ, ಪರಿಣಾಮ ಅದಕ್ಕಿಂತ ಕಡಿಮೆ. ಅಜಿಥ್ರೊಮೈಸಿನ್ ಆಗಿದ್ದರೆ ಅನುಮಾನ ಬಹಳ ಕಡಿಮೆ. ಹುಳುಕಡ್ಡಿಗೆ ಈಗ ವಾರಗಟ್ಟಲೆ ಬರೆದುಕೊಡುವ ಇಟ್ರಾಕೊನಜೋಲ್ ಕ್ಯಾಪ್ಸೂಲ್ ಮಾಡುವುದೂ ಇದನ್ನೇ. ಚರ್ಮದ ವೈದ್ಯರ ಬಳಿ ಹೋದವರು ಹೃದಯದ ಮಾತ್ರೆಯ ಮಾತೆತ್ತುವುದಿಲ್ಲ, ತುರಿಕೆಗೂ ಎದೆಗೂ ಏನು ಸಂಬಂಧ ಎಂದುಕೊಳ್ಳುತ್ತಾರೆ. ಸಂಬಂಧ ಇದೆ. ಗೌಟ್‌ಗೆ ಕೊಡುವ ಕೊಲ್ಚಿಸಿನ್, ಬಿಪಿಗೂ ಎದೆಬಡಿತಕ್ಕೂ ಕೊಡುವ ಡಿಲ್ಟಿಯಾಜೆಮ್, ವೆರಾಪಮಿಲ್, ಕಿಡ್ನಿ ಕಸಿಯಾದವರ ಸೈಕ್ಲೊಸ್ಪೊರಿನ್ ಇವಿದ್ದರೂ ಹೇಳಬೇಕು. ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬಿಗೆ ಕೊಡುವ ಜೆಮ್‌ಫಿಬ್ರೊಜಿಲ್ ಅನ್ನು ಸ್ಟಾಟಿನ್ ಜೊತೆ ಸೇರಿಸಲೇಬಾರದು. ಸೆರಿವಾಸ್ಟಾಟಿನ್ ಎಂಬ ಒಂದು ಸ್ಟಾಟಿನ್‌ನಿಂದ, ಅದರಲ್ಲೂ ಈ ಜೋಡಿಯಿಂದ, ಸ್ನಾಯು ಕರಗಿ ಸಾವುಗಳಾಗಿ 2001ರಲ್ಲಿ ಅದನ್ನು ಮಾರುಕಟ್ಟೆಯಿಂದಲೇ ಹಿಂದಕ್ಕೆ ಪಡೆದರು. ಫೆನೊಫೈಬ್ರೇಟ್ ಆದರೆ ನಿಗಾ ಇಟ್ಟು ಕೊಡುತ್ತಾರೆ. ಕ್ಲಾರಿಥ್ರೊಮೈಸಿನ್‌ನಂಥದ್ದು ಐದಾರು ದಿನ ಬೇಕೇ ಬೇಕಾದರೆ ಅಷ್ಟು ದಿನ ಸ್ಟಾಟಿನ್ ಮಾತ್ರ ಬಿಡಿಸುವುದುಂಟು. ಮೂರನ್ನೂ ಸೇರಿಸಿದ ಕ್ಯಾಪ್ಸೂಲ್ ಇದ್ದವರಿಗೆ ಅಲ್ಲೂ ಆ ಬಿಡಿ ಮಾತ್ರೆಗಳ ಏರ್ಪಾಡೇ ಬೇಕು.

ನಿಮ್ಮ ಹಿತ್ತಲಿನ ಚಕ್ಕೋತದ ವಿಷಯದಲ್ಲಿ ಕೇಳಿದ್ದು ಪೂರ್ತಿ ಸುಳ್ಳಲ್ಲ. ಪಾಶ್ಚಾತ್ಯ ದೇಶಗಳ ಔಷಧಿ ಮಾಹಿತಿ ಚೀಟಿಗಳಲ್ಲಿ ಬರೆಯುವುದು ಗ್ರೇಪ್‌ಫ್ರೂಟ್ ಎಂಬ ಹಣ್ಣಿನ ಬಗ್ಗೆ. ಅದು ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ದೇವನಹಳ್ಳಿಯ ಚಕ್ಕೋತವಾದರೂ ಆ ಕುಲದ್ದೇ. ಅಟೊರ್ವಾಸ್ಟಾಟಿನ್ ಕರಗಿಸುವ, ಕರುಳಿನ ಗೋಡೆಯಲ್ಲೂ ಇರುವ ಅದೇ ಕಿಣ್ವವನ್ನು ಕೆಡಿಸುವ ವಸ್ತು ಎರಡರಲ್ಲೂ ಇದೆ, ಒಮ್ಮೆ ತಿಂದರೆ ಅದರ ಪ್ರಭಾವ ಒಂದು ದಿನಕ್ಕೂ ಮೀರಿ ಉಳಿಯುತ್ತದೆ. ಆದ್ದರಿಂದ ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂದು ಅಂತರ ಇಟ್ಟರೂ ಉಪಯೋಗವಿಲ್ಲ. ಪ್ರಮಾಣ ಮುಖ್ಯ: ಅಟೊರ್ವಾಸ್ಟಾಟಿನ್ ಮಾಹಿತಿ ಚೀಟಿಯಲ್ಲಿ ಎಚ್ಚರಿಸುವುದು ದಿನಕ್ಕೆ 1.2 ಲೀಟರ್‌ಗಿಂತ ಹೆಚ್ಚು ಗ್ರೇಪ್‌ಫ್ರೂಟ್ ರಸ ಕುಡಿಯುವವರನ್ನು. ಹಬ್ಬದ ದಿನ ಎರಡು ತೊಳೆ ತಿಂದರೆ ಏನೂ ಆಗದು. ಕಾಯಿ ಬಿಡುವ ಕಾಲದಲ್ಲಿ ದಿನವೂ ಅರ್ಧ ಹಣ್ಣು ಖಾಲಿ ಮಾಡುವ ಅಭ್ಯಾಸವಿದ್ದರೆ ಬಿಡಿ, ಇಲ್ಲವೇ ರೋಸುವಾಸ್ಟಾಟಿನ್‌ಗೆ ಬದಲಿಸಬಹುದೇ ಎಂದು ಕೇಳಿ. ಅದಕ್ಕೆ ಈ ತೊಡಕಿಲ್ಲ. ಮೂಸಂಬಿ, ನಿಂಬೆ, ಸಾಮಾನ್ಯ ಕಿತ್ತಳೆಗೆ ಅಡ್ಡಿಯಿಲ್ಲ.

ದಿನನಿತ್ಯದ ಕ್ರಮ ಸುಲಭ. ಅಟೊರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಮೈಯಲ್ಲಿ ಬಹಳ ಹೊತ್ತು ಉಳಿಯುತ್ತವೆ, ಬೆಳಿಗ್ಗೆಯಾದರೂ ರಾತ್ರಿಯಾದರೂ ಒಂದೇ. ‘ಕೊಲೆಸ್ಟ್ರಾಲ್ ಮಾತ್ರೆ ರಾತ್ರಿಯೇ’ ಎನ್ನುವ ಮಾತು ಬೇಗ ಕರಗುವ ಸಿಮ್ವಾಸ್ಟಾಟಿನ್ ಕಾಲದ್ದು. ನಿಮ್ಮವರ ಕ್ಯಾಪ್ಸೂಲಿನಲ್ಲಿ ಆಸ್ಪಿರಿನ್ ಇರುವುದರಿಂದ ಊಟದ ನಂತರವೇ ಕೊಡಿ, ಬಿಚ್ಚಿ ಪುಡಿ ಕಲಸಬೇಡಿ. ಏಕಾದಶಿ ಉಪವಾಸವಿದ್ದರೂ ತಪ್ಪಿಸಬೇಡಿ, ಫಲಾಹಾರದ ನಂತರ ಕೊಡಿ. ಮರೆತದ್ದು ನೆನಪಾದಾಗ ಮುಂದಿನ ಡೋಸಿಗೆ ಇನ್ನೂ ಹನ್ನೆರಡು ಗಂಟೆಗಿಂತ ಹೆಚ್ಚು ಇದ್ದರೆ ಆಗಲೇ ನುಂಗಬಹುದು, ಇಲ್ಲದಿದ್ದರೆ ಅದನ್ನು ಬಿಟ್ಟುಬಿಡಿ. ಎರಡು ಒಟ್ಟಿಗೆ ಬೇಡ. ಅಂಗಡಿಯವರು ಸ್ಟ್ರಿಪ್ ಕತ್ತರಿಸಿ ಕೊಟ್ಟಾಗ ಹೆಸರು, ಕೊನೆಯ ದಿನಾಂಕ ಇರುವ ತುಂಡು ಅಂಗಡಿಯಲ್ಲೇ ಉಳಿಯುತ್ತದೆ. ಪೂರ್ತಿ ಸ್ಟ್ರಿಪ್ ತನ್ನಿ. ಒಲೆಯ ಮೇಲಿನ ಗೂಡಿನಲ್ಲಿ, ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ.

ಇಬ್ಬರು ವೈದ್ಯರ ಬಳಿ ತೋರಿಸುವವರಲ್ಲಿ ಮತ್ತೆ ಮತ್ತೆ ಆಗುವ ಪ್ರಮಾದ ಒಂದಿದೆ. ಸಕ್ಕರೆ ವೈದ್ಯರು ರೋಸುವಾಸ್ಟಾಟಿನ್ ಬರೆದಿರುತ್ತಾರೆ, ಹೃದಯದವರ ಕ್ಯಾಪ್ಸೂಲಿನಲ್ಲಿ ಅಟೊರ್ವಾಸ್ಟಾಟಿನ್ ಇರುತ್ತದೆ. ಬ್ರಾಂಡ್ ಹೆಸರು ಬೇರೆ ಬೇರೆಯಾದ್ದರಿಂದ ಮನೆಯವರಿಗೆ ಗೊತ್ತಾಗದೆ ಎರಡೂ ಹೊಟ್ಟೆಗೆ ಹೋಗುತ್ತಿರುತ್ತವೆ. ಎಲ್ಲ ಸ್ಟ್ರಿಪ್‌ಗಳನ್ನು ಮೇಜಿನ ಮೇಲೆ ಹರಡಿ, ಹಿಂಬದಿಯ ಸಣ್ಣ ಅಕ್ಷರದಲ್ಲಿ ‘ವಾಸ್ಟಾಟಿನ್’ ಎಂದು ಮುಗಿಯುವ ಹೆಸರು ಎಷ್ಟು ಕಡೆ ಇದೆ ಎಂದು ಎಣಿಸಿ. ಒಂದೇ ಕಡೆ ಇರಬೇಕು.

ಲಿವರ್ ಬಗ್ಗೆ ಹೆದರಿಕೆ ಅನಗತ್ಯ. ಎಸ್‌ಜಿಪಿಟಿ ಮೇಲ್ಮಿತಿಯ ಮೂರು ಪಟ್ಟಿನೊಳಗೆ ಏರಿದರೆ ನಿಲ್ಲಿಸುವುದಿಲ್ಲ, ಫ್ಯಾಟಿ ಲಿವರ್ ಇದ್ದವರೂ ತೆಗೆದುಕೊಳ್ಳಬಹುದು. ಕಾಮಾಲೆ ಆಗಿದ್ದಾಗ ಮಾತ್ರ ಬೇಡ. ಅಟೊರ್ವಾಸ್ಟಾಟಿನ್ ಡೋಸನ್ನು ಕಿಡ್ನಿಗಾಗಿ ಕಡಿಮೆ ಮಾಡಬೇಕಾಗಿಲ್ಲ. ರೋಸುವಾಸ್ಟಾಟಿನ್ ಆದರೆ ಕಿಡ್ನಿ ಬಹಳ ಕುಂದಿದವರಿಗೆ 10 ಮಿಲಿಗ್ರಾಂ ಮೀರುವಂತಿಲ್ಲ. ಸಕ್ಕರೆ ಸ್ವಲ್ಪ ಏರುವುದು ನಿಜ. 255 ಜನ ನಾಲ್ಕು ವರ್ಷ ಸ್ಟಾಟಿನ್ ತಿಂದರೆ ಅವರಲ್ಲಿ ಒಬ್ಬರಿಗೆ ಹೆಚ್ಚುವರಿಯಾಗಿ ಸಕ್ಕರೆ ಕಾಯಿಲೆ ಬರುತ್ತದೆ ಎಂದು 2010ರ ಲೆಕ್ಕ. ಆಗಲೇ ಸಕ್ಕರೆ ಇರುವ ನಿಮ್ಮವರಿಗೆ ಅದಕ್ಕಾಗಿ ಹೃದಯದ ರಕ್ಷಣೆ ಬಿಡುವುದರಲ್ಲಿ ಅರ್ಥವಿಲ್ಲ.

ಬೆಳ್ಳುಳ್ಳಿ ಅಡುಗೆಯಲ್ಲಿ ತಿನ್ನಲಿ, ಎಲ್‌ಡಿಎಲ್ 148 ಅನ್ನು 55ಕ್ಕೆ ಇಳಿಸುವ ಶಕ್ತಿ ಅದಕ್ಕಿಲ್ಲ. ಆನ್‌ಲೈನಿನಲ್ಲಿ ‘ನೈಸರ್ಗಿಕ’ ಎಂದು ಮಾರುವ ಕೆಂಪು ಯೀಸ್ಟ್ ಅಕ್ಕಿಯ ಕ್ಯಾಪ್ಸೂಲ್ ಮಾತ್ರ ತರಿಸಬೇಡಿ. ಅದರಲ್ಲಿರುವ ಮೊನಾಕೊಲಿನ್ ಕೆ ಎನ್ನುವುದು ಲೋವಾಸ್ಟಾಟಿನ್ ಅಲ್ಲದೆ ಬೇರೇನೂ ಅಲ್ಲ, ಎಷ್ಟಿದೆ ಎಂಬ ಲೆಕ್ಕವೂ ಇರುವುದಿಲ್ಲ. ಸ್ಟಾಟಿನ್ ಬೇಡವೆಂದು ಸ್ಟಾಟಿನ್ ಅನ್ನೇ ಅಳತೆಯಿಲ್ಲದೆ ತಿಂದಂತೆ.

ವೈದ್ಯರ ಬಳಿ ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಕ್ಯಾಪ್ಸೂಲ್ ನಿಲ್ಲಿಸಿದ ತಾರೀಕು, ನೋವು ಶುರುವಾದ ತಾರೀಕು, ಆಂಟಿಬಯೋಟಿಕ್‌ನ ಹೆಸರು ಮತ್ತು ತಾರೀಕು, ನೋವು ನಡೆಯುವಾಗಲೋ ಮಲಗಿದಾಗಲೋ, ಕುರ್ಚಿಯಿಂದ ಕೈ ಊರದೆ ಎದ್ದರೋ ಇಲ್ಲವೋ. ಎಲ್ಲ ಸ್ಟ್ರಿಪ್‌ಗಳನ್ನೂ, ಎರಡೂ ಲಿಪಿಡ್ (ಕೊಲೆಸ್ಟ್ರಾಲ್) ರಿಪೋರ್ಟ್‌ಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ಮಾತ್ರೆ ಬದಲಾದರೆ ಆರು ವಾರದ ಹೊತ್ತಿಗೆ ಲಿಪಿಡ್ ಪರೀಕ್ಷೆ ಮತ್ತೊಮ್ಮೆ ಮಾಡಿಸಿ. ಟ್ರೈಗ್ಲಿಸರೈಡ್ 400 ದಾಟಿಲ್ಲದಿದ್ದರೆ ಅದಕ್ಕೆ ಖಾಲಿ ಹೊಟ್ಟೆಯಲ್ಲೇ ಹೋಗಬೇಕೆಂದಿಲ್ಲ.